ಅಂಬಿಗನಿಗೆ ಅಪ್ಪಣೆಚೀಟಿ ಏತಕ್ಕೆ?

ನದಿಯ ನೀರು ದೇವರದು, ದೋಣಿ ಅಂಬಿಗನದು, ದಾಟುವ ಕಷ್ಟ ನಮ್ಮದು. ಇದರ ನಡುವೆ ಸರಕಾರದ ಅಪ್ಪಣೆಚೀಟಿ ಏತಕ್ಕೆಂದು ನಮ್ಮ ವಾಚಕಿಯರಲ್ಲೊಬ್ಬರು ಕೇಳಿರುವರು. ಪ್ರಶ್ನೆ ಚಿಕ್ಕದಾಗಿ ಕಂಡರೂ ಬಹು ಹಳೆಯದು. ಆದುದರಿಂದ ಉತ್ತರವನ್ನು ನಾವು ಮೊದಲು ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಹುಡುಕುವೆವು. ಬಹುಕಾಲ ಹೆಸರುಮಾತ್ರದಿಂದ ಉಳಿದಿದ್ದ ಈ ಗ್ರಂಥವನ್ನು ಓಲೆಯ ಪ್ರತಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದವರು ಮೈಸೂರಿನ ಆರ್. ಶಾಮಶಾಸ್ತ್ರಿಗಳು.

ಅದರ ಎರಡನೆಯ ಅಧಿಕರಣದಲ್ಲಿ ನಾವಧ್ಯಕ್ಷನೆಂಬ ಅಧಿಕಾರಿಯ ವಿಚಾರವಿದೆ. ಬೇಸಗೆಯಲ್ಲಿಯೂ ನಡೆದು ದಾಟಲಾಗದ ಮಹಾನದಿಗಳಲ್ಲಿ ದೊಡ್ಡ ನಾವೆಗಳನ್ನಿಡಬೇಕು. ಅವುಗಳಲ್ಲಿ ನಾಯಕನೂ, ಚುಕ್ಕಾಣಿ ಹಿಡಿಯುವವನೂ, ಹಗ್ಗ ನೋಡಿಕೊಳ್ಳುವವನೂ, ಒಳಸೇರಿದ ನೀರನ್ನು ಮೊಗೆದು ಚೆಲ್ಲುವವನೂ ಇರಬೇಕು. ಮಳೆಗಾಲದಲ್ಲಿ ಮಾತ್ರ ಹರಿಯುವ ಹೊಳೆಗೆ ಚಿಕ್ಕ ದೋಣಿ ಸಾಕು. ನೀರು ಚೆಲ್ಲುವವನನ್ನೂ ಶಾಸ್ತ್ರಕಾರನು ಮರೆಯದಿದ್ದುದು ನಮಗೆ ಬಹಳ ಹಿಡಿಸಿತು. ಕೈಯಲ್ಲಿ ಹೊರೆ ಹಿಡಿದವನಿಗೆ ಒಂದು ಮಾಷಕ, ತಲೆಹೊರೆಯವನಿಗೆ ಎರಡು, ಎಮ್ಮೆಗೆ ನಾಲ್ಕು. ಮಹಾನದಿಗಳಲ್ಲಿ ಇದರ ಇಮ್ಮಡಿ. ಬಾಲರು, ವೃದ್ಧರು, ರೋಗಿಗಳು, ಗರ್ಭಿಣಿಯರು ಮೊದಲಾದವರು ನಾವಧ್ಯಕ್ಷನ ಮುದ್ರೆ ಪಡೆದು ಕೂಲಿಯಿಲ್ಲದೆ ದಾಟಬಹುದಾಗಿತ್ತು. ಹೊತ್ತಲ್ಲದ ಹೊತ್ತಿನಲ್ಲಿ, ಕಡವಲ್ಲದ ಕಡೆಯಲ್ಲಿ ದಾಟಿದವರಿಗೆ ದಂಡ. ಆದರೆ ಬೆಸ್ತರಿಗೂ, ಹುಲ್ಲುಸೌದೆ ಹೊರುವವರಿಗೂ, ದನಕಾಯುವವರಿಗೂ ಅದರಿಂದ ವಿನಾಯಿತಿ.

ಇವೆಲ್ಲವುಗಳಿಗಿಂತ ಮುಖ್ಯವಾದ ವಿಧಿಯೊಂದುಂಟು. ಆಳು ಸಾಲದೆಯೋ, ಸಲಕರಣೆ ಸಾಲದೆಯೋ, ದುರಸ್ತಿಯಿಲ್ಲದೆಯೋ ನಾವೆ ಕೆಟ್ಟರೆ, ಹಾನಿಯನ್ನು ತುಂಬಿಕೊಡತಕ್ಕವನು ಸ್ವತಃ ನಾವಧ್ಯಕ್ಷನು! ಮನುಸ್ಮೃತಿಯ ಎಂಟನೆಯ ಅಧ್ಯಾಯವು ಅಂಬಿಗರ ತಪ್ಪಿನಿಂದಾದ ನಷ್ಟವನ್ನು ಅಂಬಿಗರೇ ಕೂಡಿ ಕೊಡಬೇಕೆಂದೂ, ದೈವಿಕವಾದುದಕ್ಕೆ ದಂಡವಿಲ್ಲವೆಂದೂ ಹೇಳಿ ಸುಮ್ಮನಾಗುತ್ತದೆ. ಕೌಟಿಲ್ಯನಾದರೋ ಕೂಲಿಯನ್ನು ಎತ್ತಿದ ಕೈಯೇ ಹೊಣೆಯನ್ನೂ ಹೊರಲೆಂದನು. ನಮಗೆ ಇದೇ ನ್ಯಾಯವೆಂದು ತೋರುತ್ತದೆ.

ಈಗಿನ ಕಾನೂನಿಗೆ ಬರೋಣ. ಒಳನಾಡಿನ ಉಗಿಹಡಗುಗಳಿಗೆಂದು 1917ರಲ್ಲಿ ಆದ ಕಾಯಿದೆಯು ಒಂದು ಶತಮಾನಕ್ಕೂ ಮಿಕ್ಕಿ ನಡೆಯಿತು. ಅದನ್ನು ತೆಗೆದುಹಾಕಿ 2021ರಲ್ಲಿ ಒಳನಾಡು ನೌಕೆಗಳ ಹೊಸ ಕಾಯಿದೆಯನ್ನು ಮಾಡಿದರು. ಇದರಂತೆ ಯಂತ್ರದ ನಾವೆಗೆ ತಪಾಸಣೆಯ ಪ್ರಮಾಣಪತ್ರ, ನೋಂದಣಿ, ಅರ್ಹರಾದ ಸಿಬ್ಬಂದಿ, ವಿಮೆ ಇವು ಆವಶ್ಯಕ. ಒಂದು ರಾಜ್ಯದಲ್ಲಿ ಪಡೆದ ಪತ್ರ ಎಲ್ಲ ರಾಜ್ಯಗಳಲ್ಲಿಯೂ ಸಲ್ಲುತ್ತದೆ. ಯಂತ್ರವಿಲ್ಲದ ದೋಣಿ ಹರಿಗೋಲುಗಳನ್ನು ಸ್ಥಳೀಯ ಸಂಸ್ಥೆಗಳ ಪಟ್ಟಿಗೆ ಸೇರಿಸುವ ಏರ್ಪಾಡನ್ನೂ ಅದರಲ್ಲಿ ಮಾಡಿರುವರು.

ಕಾಗದದ ಮೇಲೆ ಇವೆಲ್ಲವೂ ಸರಿಯೇ. ನೀರಿನ ಮೇಲೆ? 1924ರ ಜನವರಿಯಲ್ಲಿ ಕೊಲ್ಲಮ್ಮಿನಿಂದ ಆಲಪ್ಪುಳಕ್ಕೆ ಹೊರಟ ರಿಡೀಮರ್ ಎಂಬ ದೋಣಿಯು ಮಿತಿಮೀರಿದ ಜನರನ್ನು ಹೊತ್ತು ಪಲ್ಲನದಲ್ಲಿ ಮುಳುಗಿ, ಮಲಯಾಳದ ಮಹಾಕವಿ ಕುಮಾರನ್ ಆಶಾನರು ಜಲಸಮಾಧಿಯಾದರು. ನೂರು ವರ್ಷಗಳಿಗೆ ಸ್ವಲ್ಪ ಕಡಿಮೆಯಿರುವಾಗ, 2023ರ ಮೇ 7ರ ಸಂಜೆ, ಅದೇ ನಾಡಿನ ತಾನೂರಿನಲ್ಲಿ ವಿಹಾರದ ದೋಣಿ ಮಗುಚಿ 22 ಮಂದಿ ಮಡಿದರು. ಅವರಲ್ಲಿ ಮಕ್ಕಳೇ ಹೆಚ್ಚು. ಮೀನುಹಿಡಿಯುವ ದೋಣಿಯನ್ನೇ ಮಾರ್ಪಡಿಸಿದ್ದರೆಂದೂ, ಮಿತಿಮೀರಿ ಜನರನ್ನು ಹತ್ತಿಸಿದ್ದರೆಂದೂ ತನಿಖೆಯಲ್ಲಿ ಹೊರಬಿತ್ತು. ದೋಣಿಯ ಒಡೆಯನ ಬಳಿಕ ಬಂದರು ಇಲಾಖೆಯ ಇಬ್ಬರು ಅಧಿಕಾರಿಗಳನ್ನೂ ಪೊಲೀಸರು ಹಿಡಿದರು. ಕೌಟಿಲ್ಯನ ವಿಧಿ ಇಷ್ಟುಮಟ್ಟಿಗಾದರೂ ಜ್ಞಾಪಕಕ್ಕೆ ಬಂದಿತೆನ್ನಬೇಕು. ಆದರೆ ಹೆಣಗಳನ್ನು ಎಣಿಸಿದ ಮೇಲೆ.

ಖರ್ಚಿನ ಮಾತು ಉಳಿಯಿತು. ತಪಾಸಣೆಯ ಶುಲ್ಕ, ವಿಮೆಯ ಕಂತು, ತೇಲುವ ಅಂಗಿಗಳ ಬೆಲೆ, ಇವು ದೊಡ್ಡ ವಿಹಾರನೌಕೆಯವನಿಗೆ ಒಂದು ವಾರದ ಗಳಿಕೆಯಾದರೆ, ಕಡವಿನಲ್ಲಿ ಶಾಲೆಯ ಮಕ್ಕಳನ್ನು ದಾಟಿಸುವ ಬಡ ಅಂಬಿಗನಿಗೆ ಹೊಟ್ಟೆಯ ಮೇಲಿನ ಹೊಡೆತ. ಅವನಿಗೆ ಭಾರವಾದರೆ ಅವನು ಕತ್ತಲಲ್ಲಿ ದಾಟಿಸುವನು, ಇಲ್ಲವೆ ಹತ್ತರ ದೋಣಿಗೆ ಹದಿನೈದು ಮಂದಿಯನ್ನು ತುಂಬುವನು. ಹೀಗಾಗಿ ರಕ್ಷಣೆಗೆಂದು ಕಟ್ಟಿದ ನಿಯಮವೇ ಅಪಾಯಕ್ಕೆ ದಾರಿಯಾಗಬಹುದು. ಬೆಸ್ತರಿಗೂ ಸೌದೆ ಹೊರುವವರಿಗೂ ಅಂದು ತೋರಿಸಿದ ದಾಕ್ಷಿಣ್ಯವನ್ನು ಇಂದು ಶುಲ್ಕದಲ್ಲಿ ತೋರಿಸಬೇಕು. ತಪಾಸಣೆಯಲ್ಲಿ ಮಾತ್ರ ಯಾರಿಗೂ ಕೂಡದು.

ನಮ್ಮ ಸೋದರಿಯರು ಮಕ್ಕಳೊಡನೆ ದೋಣಿ ಹತ್ತುವ ಮುನ್ನ ಎಷ್ಟು ಜನರಿಗೆ ಅಪ್ಪಣೆಯಿದೆಯೆಂದು ಕೇಳಲಿ; ಹತ್ತಿದವರನ್ನು ಎಣಿಸಲಿ. ತೇಲುವ ಅಂಗಿ ಕೊಟ್ಟರೆ ಸೀರೆ ಸುಕ್ಕಾಗುವುದೆಂದು ಪಕ್ಕಕ್ಕಿಡಬಾರದು, ತೊಡಬೇಕು. ಮಕ್ಕಳಿಗೆ ಅವರ ಅಳತೆಯದನ್ನೇ ಬೇಡಿ ಪಡೆಯಬೇಕು. ಸಂಖ್ಯೆ ಮೀರಿತೆಂದು ಕಂಡರೆ ಇಳಿದುಬಿಡಲಿ. ಮುಂದಿನ ದೋಣಿ ಅರ್ಧಗಂಟೆ ತಡವಾಗಿ ಬಂದೀತು, ಅಷ್ಟೆ.