ಆಟೊಮ್ಯಾಟಿಕ್ ಕಾರು, ಘಾಟಿಯ ಇಳಿಜಾರು: ಗೇರ್ ಇಳಿಸುವ ಹೊಣೆ ಯಾರದು?

ರಜೆಯ ದಿನಗಳಲ್ಲಿ ಆಗುಂಬೆ, ಚಾರ್ಮಾಡಿ ಅಥವಾ ಶಿರಾಡಿ ಘಾಟಿಯ ತಪ್ಪಲಿನಲ್ಲಿ ನಿಂತವರಿಗೆ ಒಂದು ವಾಸನೆ ಪರಿಚಿತ. ಅದು ಕಾದ ಬ್ರೇಕ್ ಪ್ಯಾಡಿನ ಸುಟ್ಟ ವಾಸನೆ. ಒಂದು ಕಾಲಕ್ಕೆ ಅದು ಭಾರ ಹೊತ್ತ ಲಾರಿಗಳ ಪಾಡಾಗಿತ್ತು. ಇಂದು ಅದೇ ವಾಸನೆ ಹೊಚ್ಚ ಹೊಸ ಕಾರುಗಳ ಚಕ್ರಗಳಿಂದಲೂ ಹೊಮ್ಮುತ್ತಿದೆ. ಕಾರು ಹೊಸದು, ಬ್ರೇಕ್ ಸುಸ್ಥಿತಿಯಲ್ಲಿದೆ, ಚಾಲಕನೂ ಎಚ್ಚರದಿಂದಿದ್ದಾನೆ. ಹಾಗಿದ್ದರೆ ಲೋಪ ಎಲ್ಲಿದೆ?

ಉತ್ತರ ಗೇರ್ ಕಡ್ಡಿಯ ಬಳಿಯಲ್ಲಿದೆ. ಆಟೊಮ್ಯಾಟಿಕ್ ಕಾರನ್ನು 'ಡಿ' ಸ್ಥಾನದಲ್ಲಿಟ್ಟರೆ ಊರು ತಲುಪುವವರೆಗೆ ಅದನ್ನು ಮುಟ್ಟುವ ಅಗತ್ಯವಿಲ್ಲ ಎಂಬ ನಂಬಿಕೆ ಬಲವಾಗಿ ಬೇರೂರಿದೆ. ಬೆಂಗಳೂರಿನ ವಾಹನದಟ್ಟಣೆಯಲ್ಲಿ ಈ ನಂಬಿಕೆ ವರವೇ ಸರಿ. ಆದರೆ ಸಹ್ಯಾದ್ರಿಯ ಇಳಿಜಾರಿನಲ್ಲಿ ಅದು ಅಪಾಯಕ್ಕೆ ಆಹ್ವಾನ.

2014ರ ಫೆಬ್ರುವರಿಯಲ್ಲಿ ಮಾರುತಿ ಸುಜುಕಿ ಸಂಸ್ಥೆಯು ಸೆಲೆರಿಯೊ ಕಾರನ್ನು ಎಎಂಟಿ ವ್ಯವಸ್ಥೆಯೊಂದಿಗೆ ಬಿಡುಗಡೆ ಮಾಡಿದ ನಂತರ ಆಟೊಮ್ಯಾಟಿಕ್ ಎಂಬುದು ಸಿರಿವಂತರ ಸೊತ್ತಾಗಿ ಉಳಿಯಲಿಲ್ಲ. ಮಾಮೂಲಿ ಗೇರ್‌ಬಾಕ್ಸನ್ನೇ ಉಳಿಸಿಕೊಂಡು, ಕ್ಲಚ್ ಒತ್ತುವ ಹಾಗೂ ಗೇರ್ ಬದಲಿಸುವ ಕೆಲಸವನ್ನು ಮಾತ್ರ ಯಂತ್ರಕ್ಕೆ ವಹಿಸುವ ಈ ಅಗ್ಗದ ವಿಧಾನ ಮಧ್ಯಮ ವರ್ಗದ ಮನೆಯಂಗಳಕ್ಕೆ ಬಂದಿತು. ಟಾರ್ಕ್ ಕನ್ವರ್ಟರ್, ಸಿವಿಟಿ, ಎರಡು ಕ್ಲಚ್‌ಗಳ ಡಿಸಿಟಿ ಮಾದರಿಗಳೂ ಇಂದು ಮಾರುಕಟ್ಟೆಯಲ್ಲಿವೆ. ಇವುಗಳ ಒಳರಚನೆ ಬೇರೆ ಬೇರೆಯಾದರೂ 'ಡಿ' ಸ್ಥಾನದಲ್ಲಿ ಇವೆಲ್ಲವುಗಳ ಸಾಮಾನ್ಯ ಒಲವು ಒಂದೇ: ಇಂಧನ ಉಳಿಸಲು ಆದಷ್ಟು ಬೇಗ ಮೇಲಿನ ಗೇರ್‌ಗೆ ಹೋಗುವುದು. ಮೇಲಿನ ಗೇರ್‌ನಲ್ಲಿ ಎಂಜಿನ್ ಕಾರನ್ನು ತಡೆಯುವುದು ಅತ್ಯಲ್ಪ. ತಡೆಯುವ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಆ ಭಾರ ಎಷ್ಟು? ಪ್ರಯಾಣಿಕರೂ ಸೇರಿ 1,500 ಕಿಲೋ ತೂಗುವ ಕಾರೊಂದು 500 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಸುಮಾರು 73 ಲಕ್ಷ ಜೂಲ್‌ಗಳಷ್ಟು ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಲೇಬೇಕು. 20 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಕ್ತಿ ಸಾಕು. ಟಯರು ಮತ್ತು ಗಾಳಿ ಅದರಲ್ಲಿ ಒಂದಿಷ್ಟನ್ನು ಹೀರಿಕೊಳ್ಳುತ್ತವೆ. ಉಳಿದದ್ದನ್ನು ಎಂಜಿನ್ ಹೊರಬೇಕು, ಇಲ್ಲವೇ ಬ್ರೇಕ್ ಹೊರಬೇಕು. ಬ್ರೇಕ್ ಒಂದೇ ಹೊತ್ತರೆ ಪ್ಯಾಡುಗಳು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಬ್ರೇಕ್ ಆಯಿಲ್‌ನ ಸ್ಥಿತಿಯೂ ಇಲ್ಲಿ ಮುಖ್ಯ. 'ಡಾಟ್ 3' ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಆದರೆ ತೇವಾಂಶ ಹೀರಿಕೊಂಡ ಬಳಿಕ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದು ಗುಳ್ಳೆಯೆದ್ದಿತೆಂದರೆ ಪೆಡಲ್ ನೆಲಕ್ಕೆ ತಾಗಿದರೂ ಕಾರು ನಿಲ್ಲದು.

ಪರಿಹಾರ ಹೊಸತೇನಲ್ಲ, ಲಾರಿ ಚಾಲಕರು ತಲೆಮಾರುಗಳಿಂದ ಅನುಸರಿಸಿಕೊಂಡು ಬಂದದ್ದೇ. ಏರುವಾಗ ಬಳಸುವ ಗೇರ್‌ನಲ್ಲೇ ಇಳಿಯಬೇಕು ಎಂಬುದು ಅವರ ಸೂತ್ರ. ಆಟೊಮ್ಯಾಟಿಕ್ ಕಾರಿನಲ್ಲೂ ಇದಕ್ಕೆ ದಾರಿಯಿದೆ. ಕೆಲವು ಕಾರುಗಳಲ್ಲಿ 'ಎಂ' ಸ್ಥಾನ ಮತ್ತು ಅಧಿಕ, ಋಣ ಚಿಹ್ನೆಗಳು, ಕೆಲವದರಲ್ಲಿ 'ಎಲ್' ಅಥವಾ '2', ಇನ್ನು ಕೆಲವದರಲ್ಲಿ ಸ್ಟೀರಿಂಗ್ ಹಿಂಬದಿಯ ಪುಟ್ಟ ಪ್ಯಾಡಲ್‌ಗಳು ಇದಕ್ಕಾಗಿಯೇ ಇವೆ. ಇಳಿಜಾರು ಆರಂಭವಾಗುವ ಮುನ್ನವೇ ವೇಗ ತಗ್ಗಿಸಿ ಕೆಳಗಿನ ಗೇರ್‌ಗೆ ಬಂದರೆ ಎಂಜಿನ್ ತಾನೇ ಕಾರನ್ನು ಹಿಡಿದಿಡುತ್ತದೆ. ಬ್ರೇಕನ್ನು ತಿರುವುಗಳಿಗೆ ಮತ್ತು ಆಪತ್ತಿಗೆ ಮೀಸಲಿಡಬಹುದು.

ಇದರಿಂದ ಗೇರ್‌ಬಾಕ್ಸ್ ಹಾಳಾಗುವುದಿಲ್ಲವೇ, ಇಂಧನ ಪೋಲಾಗುವುದಿಲ್ಲವೇ ಎಂಬ ಸಂಶಯಗಳು ಸಹಜ. ಮಿತಿಮೀರಿದ ವೇಗದಲ್ಲಿ ಗೇರ್ ಇಳಿಸಲು ಯತ್ನಿಸಿದರೆ ಇಂದಿನ ಕಾರುಗಳ ಕಂಪ್ಯೂಟರ್ ಆ ಆದೇಶವನ್ನು ಸಾಮಾನ್ಯವಾಗಿ ನಿರಾಕರಿಸುತ್ತದೆ. ಇಂಧನದ ವಿಷಯದಲ್ಲಿ ವಾಸ್ತವ ತಿರುವುಮುರುವಾಗಿದೆ. ಗೇರ್‌ನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಆಧುನಿಕ ಎಂಜಿನ್ ಇಂಧನದ ಪೂರೈಕೆಯನ್ನೇ ನಿಲ್ಲಿಸುತ್ತದೆ. ಉಳಿತಾಯದ ಆಸೆಯಿಂದ ನ್ಯೂಟ್ರಲ್‌ಗೆ ಹಾಕಿ ಇಳಿಯುವವರೇ ಇಂಧನವನ್ನೂ ಸುಡುತ್ತಾರೆ, ಎಂಜಿನ್ನಿನ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ.

ಹಾಗೆಂದು ಇದು ಸರ್ವರೋಗ ನಿವಾರಕವೂ ಅಲ್ಲ. ಮಳೆಯಿಂದ ಜಾರುವ ರಸ್ತೆಯಲ್ಲಿ, ತಿರುವಿನ ನಡುವೆ ಥಟ್ಟನೆ ಗೇರ್ ಇಳಿಸಿದರೆ ಚಕ್ರಗಳು ಹಿಡಿತ ತಪ್ಪಬಹುದು. ಎಂಜಿನ್ನಿನಿಂದ ವೇಗ ತಗ್ಗುವಾಗ ಹಿಂಬದಿಯ ಕೆಂಪು ದೀಪ ಉರಿಯದ ಕಾರಣ ಹಿಂದಿನವರ ಎಚ್ಚರಿಕೆಗಾಗಿ ಪೆಡಲನ್ನು ಒಮ್ಮೆ ಹಗುರವಾಗಿ ಮುಟ್ಟುವುದೂ ಅವಶ್ಯ. ಇಳಿಜಾರನ್ನು ಗ್ರಹಿಸಿ ತಾವೇ ಗೇರ್ ಇಳಿಸುವ ಕಾರುಗಳೂ ಬಂದಿವೆ. ಆದರೆ ಮುಂದಿನ ತಿರುವಿನಾಚೆ ಏನಿದೆ ಎಂಬುದು ಯಂತ್ರಕ್ಕಿಂತ ಮೊದಲು ಚಾಲಕನಿಗೆ ಕಾಣುತ್ತದೆ.

ಇಲ್ಲಿ ಆಡಳಿತದ ಹೊಣೆಯ ಪ್ರಶ್ನೆ ಎದುರಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 15ನೇ ನಿಯಮವು ಚಾಲನಾ ಪರೀಕ್ಷೆಯಲ್ಲಿ ಅಭ್ಯರ್ಥಿ ತೋರಬೇಕಾದ ಕೌಶಲಗಳನ್ನು ಪಟ್ಟಿ ಮಾಡಿದೆ. ಇಳಿಜಾರಿನಲ್ಲಿ ಸಾಗುವಾಗ ಶೀಘ್ರವಾಗಿ ಕೆಳಗಿನ ಗೇರ್‌ಗೆ ಬರುವುದೂ ಅವುಗಳಲ್ಲೊಂದು. ಅಂದರೆ ಕಾನೂನು ಈ ವಿದ್ಯೆಯ ಮಹತ್ವವನ್ನು ಅರಿತೇ ಇದೆ. ಆದರೆ ಸಮತಟ್ಟಾದ ಅಂಗಳದಲ್ಲಿ 'ಎಂಟು' ಸುತ್ತಿ ಪರವಾನಗಿ ಪಡೆದವರಿಗೆ ಈ ಪಾಠ ದೊರೆಯುವುದಾದರೂ ಹೇಗೆ? ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಎದುರಿಸಿದವರಿಗೆ ಕ್ಲಚ್ ಇರುವ ಕಾರನ್ನು ಓಡಿಸುವ ಪರವಾನಗಿ ಸಿಗುವುದಿಲ್ಲ. ಭಾರತದ ಮೋಟಾರು ವಾಹನ ಕಾಯಿದೆ ಗೇರ್ ಸಹಿತ, ಗೇರ್ ರಹಿತ ಎಂಬ ಭೇದವನ್ನು ಬೈಕುಗಳಿಗೆ ಮಾಡಿದೆಯೇ ಹೊರತು ಕಾರುಗಳಿಗೆ ಮಾಡಿಲ್ಲ.

ಘಾಟಿಗಳಲ್ಲಿ ಎಚ್ಚರಿಕೆ ಫಲಕಗಳಿಗೇನೂ ಬರವಿಲ್ಲ. ಮೈಸೂರು ಕಡೆಯ ಪ್ರವಾಸಿಗರಿಗೂ ಪರಿಚಿತವಾಗಿರುವ, ಊಟಿಯಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ರಸ್ತೆಯಲ್ಲಿ 36 ಹೇರ್‌ಪಿನ್ ತಿರುವುಗಳಿವೆ. ಮೊದಲ ಅಥವಾ ಎರಡನೆಯ ಗೇರ್‌ನಲ್ಲೇ ಸಾಗಿ ಎಂಬ ಸೂಚನೆಯೂ ಅಲ್ಲಿದೆ. ಆದರೆ 'ಡಿ'ಯ ಹೊರತು ಬೇರೇನನ್ನೂ ಅರಿಯದ ಚಾಲಕನಿಗೆ ಎರಡನೆಯ ಗೇರ್ ಎಂದರೆ ಯಾವುದು? ಆಟೊಮ್ಯಾಟಿಕ್ ಕಾರಿನವರು ಏನು ಮಾಡಬೇಕೆಂಬ ಒಂದು ಸಾಲನ್ನು ಅದೇ ಫಲಕಕ್ಕೆ ಸೇರಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಕಾರು ಹಸ್ತಾಂತರಿಸುವಾಗ ಹಾರ ಹಾಕಿ ಫೋಟೊ ತೆಗೆಸುವ ಮಾರಾಟಗಾರರು ಗೇರ್ ಕಡ್ಡಿಯ ಉಳಿದ ಅಕ್ಷರಗಳನ್ನು ವಿವರಿಸಲು ಹತ್ತು ನಿಮಿಷ ವ್ಯಯಿಸಬಹುದು. ಬಾಡಿಗೆಗೆ ಕಾರು ಕೊಡುವವರಿಗೂ ಇದೇ ಮಾತು ಅನ್ವಯಿಸುತ್ತದೆ.

ಯಂತ್ರವು ಚಾಲಕನ ಎಡಗಾಲಿಗೆ ವಿಶ್ರಾಂತಿ ನೀಡಿದೆ, ಅದು ಸ್ವಾಗತಾರ್ಹ. ಆದರೆ ವಿವೇಕಕ್ಕೂ ವಿಶ್ರಾಂತಿ ನೀಡಿದೆಯೆಂದು ಭಾವಿಸುವುದು ತಪ್ಪು. ಘಾಟಿಯ ನೆತ್ತಿಯಲ್ಲಿ ಒಂದು ಕ್ಷಣ ನಿಂತು ಗೇರ್ ಇಳಿಸುವ ಅಭ್ಯಾಸವನ್ನು ಪರವಾನಗಿ ನೀಡುವ ಕಚೇರಿ ಕಲಿಸದಿದ್ದರೆ ಅದನ್ನು ಇಳಿಜಾರೇ ಕಲಿಸೀತು. ಆ ಗುರುವಿನ ಶುಲ್ಕ ಮಾತ್ರ ದುಬಾರಿ.