ಮೊದಲು ಬ್ರೇಕು, ಆಮೇಲೆ ಟರ್ಬೊ

ಹಳೇ ಸ್ಪೋರ್ಟ್ಸ್ ಕಾರನ್ನ ಮನೆಯಲ್ಲೇ ರೆಡಿ ಮಾಡ್ಬೇಕು ಅಂದ್ರೆ ಎಲ್ಲರ ತಲೆಗೂ ಮೊದಲು ಬರೋದು ಟರ್ಬೊ. ನನ್ನ ಪ್ರಕಾರ ದುಡ್ಡು ಕಡಿಮೆ ಇದ್ದಾಗ ಅದು ಕೊನೇ ಖರ್ಚಾಗಬೇಕು.

1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ನೋಡಿ. 1.6 ಲೀಟರ್ ಎಂಜಿನ್, ಹಿಂದಿನ ಚಕ್ರಕ್ಕೆ ಪವರ್, ತೂಕ ಒಂದು ಟನ್ನಿಗಿಂತ ಕಡಿಮೆ. ಅಮೆರಿಕದಲ್ಲಿ ಇವತ್ತಿಗೂ ಜನ ಇದನ್ನ ಮನೆ ಗ್ಯಾರೇಜಲ್ಲೇ ಬಿಚ್ಚಿ ಜೋಡಿಸ್ತಾರೆ. ಇದರ ಮಜಾ ಇರೋದು ಹಾರ್ಸ್‌ಪವರಲ್ಲಲ್ಲ, ಹಗುರಾಗಿರೋದ್ರಲ್ಲಿ.

ಮೂವತ್ತು ದಾಟಿದ ಕಾರಲ್ಲಿ ಸಸ್ಪೆನ್ಷನ್ ಬುಷ್‌ನ ರಬ್ಬರ್ ಬಿರುಕು ಬಿಟ್ಟಿರುತ್ತೆ, ರೇಡಿಯೇಟರ್ ಕಟ್ಟಿಕೊಂಡಿರುತ್ತೆ, ಬ್ರೇಕ್ ಹೋಸ್ ಹಳೇದಾಗಿರುತ್ತೆ. ಅದರ ಮೇಲೆ ಟರ್ಬೊ ಕೂರಿಸೋದು ಬಿರುಕು ಗೋಡೆ ಮೇಲೆ ಇನ್ನೊಂದು ಮಹಡಿ ಎತ್ತಿದ ಹಾಗೆ. ಲೆಕ್ಕ ಫಸ್ಟ್ ಇಯರ್ ಫಿಸಿಕ್ಸೇ: ವೇಗ ಗಂಟೆಗೆ 80ರಿಂದ 100 ಕಿ.ಮೀ.ಗೆ ಏರಿದರೆ, ನಿಲ್ಲಿಸೋಕೆ ಬ್ರೇಕು ನುಂಗಬೇಕಾದ ಶಕ್ತಿ ಶೇ. 56ರಷ್ಟು ಜಾಸ್ತಿ.

ಟರ್ಬೊ ಒಂಟಿಯಾಗಿ ಬರಲ್ಲ. ಇಂಜೆಕ್ಟರು, ಕ್ಲಚ್ಚು, ಕೂಲಿಂಗು ಅಂತ ಬಿಲ್ಲು ಬೆಳೆಯುತ್ತೆ. ಅಷ್ಟರಲ್ಲಿ ದುಡ್ಡು ಖಾಲಿ, ಕಾರು ಸ್ಟ್ಯಾಂಡ್ ಮೇಲೇ.

"ಪವರ್ ಇಲ್ದೆ ಏನ್ ಮಜಾ?" ಅಂತೀರಾ? ಹೊಸ ಬುಷ್, ಒಳ್ಳೇ ಟೈರು, ಸರಿಯಾದ ಅಲೈನ್‌ಮೆಂಟ್ ಮಾಡಿಸಿ ಒಂದು ಘಾಟಿ ತಿರುವು ತಗೊಳ್ಳಿ. ಆಮೇಲೂ ಟರ್ಬೊ ಬೇಕು ಅನ್ನಿಸಿದ್ರೆ ಹಾಕಿ. ಆಗ ಅದನ್ನ ತಡೆಯೋ ಕಾರಾದ್ರೂ ನಿಮ್ಮ ಹತ್ರ ಇರುತ್ತೆ.