ಪ್ಲಗ್ ಕೇಳುವಾಗ ಕಂಪನಿ ಹೆಸರಲ್ಲ, ನಂಬರ್ ಹೇಳ್ರಿ

ಇವತ್ತಿನ ಬರಹ ಬೆಳಿ ಬಗ್ಗೆ ಅಲ್ಲ, ಬೆರಳಷ್ಟು ಉದ್ದದ ಒಂದು ಸಾಮಾನಿನ ಬಗ್ಗೆ. ಸ್ಪಾರ್ಕ್ ಪ್ಲಗ್. ಬರಹ ಸ್ವಲ್ಪ ಉದ್ದ ಆಗೈತಿ, ಆದ್ರ ಪೂರ್ತಿ ಓದ್ರಿ. ನೂರು ರೂಪಾಯಿ ಆಚೆ-ಈಚೆ ಇರೋ ಈ ಸಾಮಾನು ತಪ್ಪಾದ್ರ ಸಾವಿರಾರು ರೂಪಾಯಿ ಇಂಜಿನ್ ಕೆಲಸ ಬರತೈತಿ.

ಮೊದಲ ನಮ್ಮ ಕಡೆ ಪ್ಲಗ್ ಅಂದ್ರ ಮೋಟರ್ ಸೈಕಲ್ ಮಾತು ಅಷ್ಟ ಇತ್ತು. ಈಗ ಹಂಗಿಲ್ಲ. ಎತ್ತು ಕಡಿಮಿ ಆದವು, ಆಳು ಸಿಗೂದು ಕಷ್ಟ ಆತು. ಪೆಟ್ರೋಲ್ ಮ್ಯಾಲ ನಡಿಯೋ ಎಣ್ಣಿ ಹೊಡಿಯೋ ಪಂಪ, ಕಳೆ ತೆಗಿಯೋ ವೀಡರ್, ಬದುವಿನ ಹುಲ್ಲು ಹೊಡಿಯೋ ಬ್ರಶ್ ಕಟರ್, ಎಲ್ಲಾ ಸಣ್ಣ ರೈತರ ಮನಿಗೂ ಬಂದಾವ. ಇವೆಲ್ಲಾ ವರ್ಷದಾಗ ಕೆಲವ ದಿವಸ ಕೆಲಸ ಮಾಡತಾವ, ಆದ್ರ ಆ ಕೆಲವ ದಿವಸ ತಪ್ಪಿದ್ರ ಬೆಳಿನ ತಪ್ಪತೈತಿ. ಸೋಯಾಬೀನಿಗೆ ಹುಳ ಬಿದ್ದೈತಿ, ಮಳಿ ಎರಡು ದಿವಸ ಬಿಡುವು ಕೊಟ್ಟೈತಿ, ಎರಿ ಹೊಲ ಈಗಷ್ಟ ಕಾಲಿಡೋ ಹಂಗ ಆರೈತಿ. ಆವಾಗ ಪಂಪ ಸುರು ಆಗಲಿಲ್ಲ ಅಂದ್ರ ಹಗ್ಗ ಎಳದು ಎಳದು ಭುಜ ಹೋಗತೈತಿ, ಹುಳ ಮಾತ್ರ ಕಾಯೂದಿಲ್ಲ.

ಆವಾಗ ನಾವು ಏನು ಮಾಡ್ತೀವಿ? ಅಂಗಡಿಗೆ ಓಡಿ ಹೋಗಿ "ಒಂದು ಚಲೋ ಕಂಪನಿ ಪ್ಲಗ್ ಕೊಡ್ರಿ" ಅಂತೀವಿ. ಅಲ್ಲೇ ನಿಂತವರು ಜಗಳ ಸುರು ಮಾಡ್ತಾರ. ಒಬ್ಬರು ಬಾಷ್ ಅಂತಾರ, ಇನ್ನೊಬ್ಬರು ಎನ್‌ಜಿಕೆ ಅಂತಾರ, ಮತ್ತೊಬ್ಬರು ಚಾಂಪಿಯನ್ ಬಿಟ್ಟು ಬ್ಯಾರೆ ಮುಟ್ಟೂದಿಲ್ಲ ಅಂತಾರ. ನನ್ನ ಮಾತು ಏನಂದ್ರ, ಈ ಜಗಳನ ತಪ್ಪು ಜಗಳ. ಮೊದಲ ಕೇಳಬೇಕಾದ್ದು ನಂಬರ್. ಕಂಪನಿ ಆಮ್ಯಾಲೆ.

ಹೆಸರು ನೋಡಿ ಸಾಮಾನು ತಗೊಳ್ಳೋ ರೂಢಿ ನಮಗ ಸುಮ್ಮನ ಬಂದಿದ್ದಲ್ಲ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಾಗ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯೊಳಗ ಸೈಕಲ್ ಅಂಗಡಿಯಿಂದ ಸುರು ಮಾಡಿ ಕಬ್ಬಿಣದ ನೇಗಿಲ, ಮೇವು ಕತ್ತರಿಸೋ ಯಂತ್ರ ಮಾಡಿದವರು. ಮುಂದ ಬಾವಿ ಮ್ಯಾಲಿನ ಡೀಸೆಲ್ ಇಂಜಿನ್ ಅಂದ್ರ ನಮ್ಮ ಹಿರಿಯರಿಗೆ ಕಿರ್ಲೋಸ್ಕರ್ ಅಂತನ ಅರ್ಥ ಆತು. ಪ್ಲಗ್ಗಿಗೂ ಹಂಗ ಒಂದು ಹೆಸರಿತ್ತು, ಮೈಕೋ. 1951ರಾಗ ಸುರು ಆದ ಬೆಂಗಳೂರಿನ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಅದು. ಡೀಸೆಲ್ ಪಂಪ, ನಾಜಲ್, ಸ್ಪಾರ್ಕ್ ಪ್ಲಗ್ ಎಲ್ಲಾ ಮಾಡತಿತ್ತು. 2008ರಾಗ ಆ ಕಂಪನಿ ಹೆಸರು ಬಾಷ್ ಅಂತ ಬದಲಾತು. ಹಳೇ ಮೇಸ್ತ್ರಿಗಳು ಇನ್ನೂ "ಮೈಕೋ ಪ್ಲಗ್" ಅನ್ನೂದು ಅದಕ್ಕ.

ಆ ಕಾಲದಾಗ ಹೆಸರು ಹೇಳಿದ್ರ ಸಾಕಾಗತಿತ್ತು, ಯಾಕಂದ್ರ ಗಾಡಿಗಳ ನಮೂನಿನ ಕಡಿಮಿ ಇದ್ದವು. ಡೀಸೆಲ್ ಇಂಜಿನ್ನಿಗಂತೂ ಸ್ಪಾರ್ಕ್ ಪ್ಲಗ್ ಬೇಕಾಗಿಲ್ಲ, ಅದು ಗಾಳಿ ಒತ್ತಿದ ಬಿಸಿಗೇ ಹತ್ತತೈತಿ. ಈಗ ಒಂದ ಮನ್ಯಾಗ ನಾಕು ಪೆಟ್ರೋಲ್ ಇಂಜಿನ್ ಇದ್ರ ನಾಕಕ್ಕೂ ಬ್ಯಾರೆ ಬ್ಯಾರೆ ಪ್ಲಗ್. ಹೆಸರು ಒಂದ ಇದ್ರೂ ಒಳಗಿನ ಸಾಮಾನು ಬ್ಯಾರೆ.

ಈಗ ನಂಬರ್ ಓದೂದು ನೋಡೂಣ. ನಾಕು ಸ್ಟ್ರೋಕಿನ ಹೋಂಡಾ ಜಿಎಕ್ಸ್160, ಜಿಎಕ್ಸ್200 ಇಂಜಿನ್ ಗೊತ್ತಿರಬೇಕು. ವೀಡರ್, ನೀರೆತ್ತೋ ಪಂಪ ಎಲ್ಲಾದಕ್ಕೂ ಇಂಥಾ ಇಂಜಿನ್ ಬರತಾವ. ಕಂಪನಿ ಪುಸ್ತಕದಾಗ ಅದಕ್ಕ ಎನ್‌ಜಿಕೆ ಬಿಪಿಆರ್6ಇಎಸ್ ಅಂತ ಬರದಾರ. ಇದರಾಗ "ಬಿ" ಅಂದ್ರ ಆಟಿ, ಅಂದ್ರ ಥ್ರೆಡ್, 14 ಮಿಲಿಮೀಟರ್ ದಪ್ಪ. "ಪಿ" ಅಂದ್ರ ಬಿಳಿ ಪಿಂಗಾಣಿ ತುದಿ ಸ್ವಲ್ಪ ಮುಂದ ಚಾಚಿರತೈತಿ. "ಆರ್" ಅಂದ್ರ ಒಳಗ ರೆಸಿಸ್ಟರ್ ಐತಿ. "6" ಅನ್ನೂದು ಬಿಸಿಯ ನಂಬರ್. "ಇ" ಅಂದ್ರ ಆಟಿ ಇರೋ ಭಾಗ 19 ಮಿಲಿಮೀಟರ್ ಉದ್ದ. ಕಡಿ "ಎಸ್" ಅಂದ್ರ ಸಾದಾ ತಾಮ್ರದ ಪ್ಲಗ್.

ಬಿಸಿಯ ನಂಬರ್ ಅಂದ್ರ ಏನು? ಪ್ಲಗ್ ತುದಿ ಕಾಯಬೇಕು, ಆದ್ರ ಅತಿ ಕಾಯಬಾರದು. ಸುಮಾರು 450 ಡಿಗ್ರಿ ದಾಟಿದ್ರ ತುದಿಗೆ ಹತ್ತಿದ ಮಸಿ ತಾನಾಗೇ ಸುಟ್ಟು ಹೋಗತೈತಿ. ಸುಮಾರು 850 ಡಿಗ್ರಿ ದಾಟಿದ್ರ ಆ ತುದಿ ಕೆಂಡ ಆಗಿ, ಕಿಡಿ ಬರೂಕಿಂತ ಮೊದಲ ಪೆಟ್ರೋಲ್ ಹತ್ತಸತೈತಿ. ಆವಾಗ ಇಂಜಿನ್ ಕಟಕಟ ಅಂತೈತಿ, ಕಡೀಕ ಪಿಸ್ಟನ್ನಿಗೆ ತೂತು. ಈ ಬಿಸಿ ಎಷ್ಟು ಬೇಗ ಹೊರಗ ಹೋಗಬೇಕು ಅನ್ನೂದನ್ನ ಪಿಂಗಾಣಿ ಉದ್ದದ ಮ್ಯಾಲ ಇಟ್ಟಾರ. ನಮ್ಮ ಹೊಲದ ಬಸಿಗಾಲುವಿ ಹಂಗ ತಿಳ್ಕೊಳ್ರಿ. ಬಸಿಗಾಲುವಿ ಹತ್ತರ ಇದ್ರ ನಿಂತ ನೀರು ಲಗೂನ ಹೋಗತೈತಿ, ದೂರ ಇದ್ರ ತಡಾ ಆಗತೈತಿ. ಪಿಂಗಾಣಿ ಗಿಡ್ಡ ಇದ್ರ ಬಿಸಿ ಲಗೂನ ಹೋಗಿ ಪ್ಲಗ್ ತಣ್ಣಗಿರತೈತಿ, ಉದ್ದ ಇದ್ರ ಬಿಸಿ ನಿಲ್ಲತೈತಿ.

ಈಗ ಅಸಲಿ ಮಾತು. ಎನ್‌ಜಿಕೆ ಮತ್ತು ಡೆನ್ಸೊ ಕಂಪನಿಯೊಳಗ ನಂಬರ್ ದೊಡ್ಡದಾದಂಗ ಪ್ಲಗ್ ತಣ್ಣಗ. ಬಾಷ್ ಮತ್ತು ಚಾಂಪಿಯನ್ ಕಂಪನಿಯೊಳಗ ಪೂರಾ ಉಲ್ಟಾ, ನಂಬರ್ ದೊಡ್ಡದಾದಂಗ ಪ್ಲಗ್ ಬಿಸಿ. ಮ್ಯಾಲೆ ಹೇಳಿದ ಬಿಪಿಆರ್6ಇಎಸ್ ಪ್ಲಗ್ಗಿಗೆ ಬಾಷ್ ಜೋಡಿ ಡಬ್ಲ್ಯುಆರ್7ಡಿಸಿ, ಚಾಂಪಿಯನ್ ಜೋಡಿ ಆರ್‌ಎನ್9ವೈಸಿ, ಡೆನ್ಸೊ ಜೋಡಿ ಡಬ್ಲ್ಯು20ಇಪಿಆರ್-ಯು. ಒಂದ ಕೆಲಸದ ನಾಕು ಪ್ಲಗ್ಗಿನ ಮ್ಯಾಲ 6, 7, 9, 20 ಅಂತ ನಾಕು ನಂಬರ್! ಹಿಂಗಿದ್ದಾಗ "ಮೊದಲ 6 ಇತ್ತು, ಬಾಷ್‌ದಾಗೂ 6ನ ಕೊಡ್ರಿ" ಅಂದ್ರ ಬ್ಯಾರೆ ಬಿಸಿಯ ಪ್ಲಗ್ ಬರತೈತಿ. 8 ಇದ್ದಲ್ಲಿ ಬಾಷ್ 8 ಹಚ್ಚಿದ್ರಂತೂ ಮೂರು ಮೆಟ್ಟಿಲು ಬಿಸಿ ಪ್ಲಗ್ ಹಚ್ಚಿದಂಗ. ಬ್ಯಾಸಗ್ಯಾಗ ದಿನಗಟ್ಟಲೆ ಓಡೋ ಇಂಜಿನ್ನಿಗೆ ಅದು ದೊಡ್ಡ ಧಕ್ಕಿ.

ಎನ್‌ಜಿಕೆ ಮತ್ತು ಬಾಷ್ ನಡುವ ನೆನಪಿಗೆ ಒಂದು ಸುಲಭ ಲೆಕ್ಕ ಐತಿ. ಎರಡೂ ಕೂಡಿದ್ರ 13 ಬರಬೇಕು. ಎನ್‌ಜಿಕೆ 5ಕ್ಕ ಬಾಷ್ 8, 6ಕ್ಕ 7, 7ಕ್ಕ 6, 8ಕ್ಕ 5. ಇದು ಬಿಸಿ ಒಂದಕ್ಕ ಲೆಕ್ಕ. ಉಳಿದ ಅಕ್ಷರಕ್ಕ ಕಂಪನಿ ತಕ್ತೆ ನೋಡಬೇಕು.

ಉದ್ದದ ಮಾತಂತೂ ಇನ್ನೂ ಗಂಭೀರ. ಎರಡು ಸ್ಟ್ರೋಕಿನ ಭಾಳಷ್ಟು ಬ್ರಶ್ ಕಟರಿಗೆ ಬಿಪಿಎಂಆರ್7ಎ ನಮೂನಿ ಗಿಡ್ಡ ಪ್ಲಗ್ ಬರತೈತಿ, ಆಟಿ ಉದ್ದ ಬರೇ 9.5 ಮಿಲಿಮೀಟರ್. ವೀಡರಿನ ಪ್ಲಗ್ 19 ಮಿಲಿಮೀಟರ್. ಆದ್ರ ಎರಡರ ದಪ್ಪನೂ 14 ಮಿಲಿಮೀಟರ್, ಹಂಗಾಗಿ ಒಂದರಾಗ ಇನ್ನೊಂದು ಆರಾಮ ತಿರುಗತೈತಿ! ನಮ್ಮ ಬಾಜೂ ಊರಿನ ಒಬ್ಬರ ಬ್ರಶ್ ಕಟರಿಗೆ ಹಿಂಗ ಉದ್ದ ಪ್ಲಗ್ ಕೂತಿತ್ತು. ಹಗ್ಗ ಎಳದ ಕೂಡಲೇ ಪಿಸ್ಟನ್ ಮ್ಯಾಲ ಬಂದು ಪ್ಲಗ್ಗಿಗೆ ಬಡೀತು. ಪ್ಲಗ್ ಕೊಟ್ಟವರು "ನೀವು ಚಲೋ ಕಂಪನಿದು ಕೇಳಿದ್ರಿ, ಕೊಟ್ಟೀವಿ" ಅಂದ್ರಂತ. ಮಾತು ಖರೇನ. ಕಂಪನಿ ಚಲೋದ ಇತ್ತು, ನಂಬರ್ ಅದರದಲ್ಲ. ಅದಕ್ಕ ಪಾನಾ ನೋಡ್ರಿ. ಗಿಡ್ಡ ಪ್ಲಗ್ಗಿಗೆ 19ರ ಪಾನಾ, ವೀಡರಿನ ಪ್ಲಗ್ಗಿಗೆ 21ರ ಪಾನಾ. ಹೊಸಾದು ಹಚ್ಚುವಾಗ ಪಾನಾನ ಬದಲಾತು ಅಂದ್ರ ಅಲ್ಲೇ ನಿಲ್ಲಸ್ರಿ.

ನಂಬರಿನಾಗ "ಆರ್" ಇದ್ದಿದ್ರ ಹೊಸಾದರಾಗೂ "ಆರ್" ಇರಬೇಕು. 2020ರ ಏಪ್ರಿಲ್ ಆದ ಮ್ಯಾಲೆ ಬಂದ ಬಿಎಸ್6 ಗಾಡಿಗಳೊಳಗ ಕಂಪ್ಯೂಟರ್ ಇಂಜಿನ್ ನಡಸತೈತಿ. ರೆಸಿಸ್ಟರ್ ಇಲ್ಲದ ಪ್ಲಗ್ ಹಚ್ಚಿದ್ರ ಕಿಡಿಯ ಗದ್ದಲದಿಂದ ಅದರ ಲೆಕ್ಕ ತಪ್ಪಬಹುದು.

ಇಲ್ಲಿ ಒಂದು ಎದುರು ಮಾತು ಬರತೈತಿ. "ಹಂಗಾದ್ರ ಕಂಪನಿ ಯಾವುದಾದ್ರೂ ನಡೀತೈತೇನು?" ಇಲ್ರಿ. ಹೆಸರಿಲ್ಲದ ಪ್ಲಗ್ ನಾನೂ ತಗೊಳ್ಳೂದಿಲ್ಲ. ಈ ನಾಕು ಕಂಪನಿಯೊಳಗ ಯಾವುದಾದ್ರೂ ಆಗಬಹುದು, ನಂಬರ್ ಸರಿ ಇದ್ರ ನಮ್ಮಂಥವರ ಕೆಲಸಕ್ಕ ನಾಕೂ ಸಾಕು. ನಾನು ಮೊದಲ ತಗೊಳ್ಳೂದು ಮಷೀನಿನ ಪುಸ್ತಕದಾಗ ಬರದಿದ್ದನ್ನ. ಯಾಕಂದ್ರ ಅದಕ್ಕ ಜೋಡಿ ಹುಡುಕೋ ಕೆಲಸ ಇಲ್ಲ, ತಪ್ಪೋ ದಾರಿನ ಇಲ್ಲ. ನಾಕೈದು ಪಟ್ಟು ರೊಕ್ಕದ ಇರಿಡಿಯಂ ಪ್ಲಗ್ ಎಣ್ಣಿ ಪಂಪಿಗೆ ದಂಡ ಅನ್ನೂದು ನನ್ನ ಅಭಿಪ್ರಾಯ. ಆ ರೊಕ್ಕದಾಗ ಸಾದಾ ಪ್ಲಗ್ ಎರಡು ತಂದು ಒಂದು ಮನ್ಯಾಗ ಇಡ್ರಿ, ಹಂಗಾಮಿನಾಗ ಅದ ಕೈ ಹಿಡಿಯೂದು.

ನಕಲಿಯ ಭಯ ಖರೇನ ಐತಿ. ದೊಡ್ಡ ಹೆಸರಿನ ನಕಲಿನ ಹೆಚ್ಚು ಬರತಾವ. ಡಬ್ಬಿ ಮ್ಯಾಲ ತಯಾರಿಸಿದವರ ಅಥವಾ ತರಿಸಿದವರ ಹೆಸರು-ವಿಳಾಸ, ತಿಂಗಳು-ವರ್ಷ, ಎಂಆರ್‌ಪಿ ಇರಬೇಕು ಅಂತ ಕಾಯ್ದಿನ ಐತಿ. ಪ್ಲಗ್ಗಿನ ಪಿಂಗಾಣಿ ಮ್ಯಾಲಿನ ಅಕ್ಷರ ಉಗುರಿನಿಂದ ಕೆರೆದ್ರ ಹೋಗಬಾರದು. ನಡುವಿನ ತುದಿ ಮತ್ತು ಮ್ಯಾಲೆ ಬಾಗಿದ ಕೊಕ್ಕಿ ಒಂದ ನೇರಕ್ಕ ಇರಬೇಕು. ಡಬ್ಬಿ ಮ್ಯಾಲಿನ ನಂಬರ್ ಮತ್ತು ಪ್ಲಗ್ ಮ್ಯಾಲಿನ ನಂಬರ್ ಒಂದ ಇರಬೇಕು. ಎಲ್ಲಾಕ್ಕಿಂತ ಮುಖ್ಯ, ನಂಬರ್ ಬರದ ಬಿಲ್ ತಗೊಳ್ರಿ. ಬಿಲ್ ಕೊಡಾಕ ಹಿಂದ-ಮುಂದ ನೋಡೋ ಅಂಗಡ್ಯಾಗ ಪ್ಲಗ್ ತಗೊಳ್ಳಬ್ಯಾಡ್ರಿ.

ಇನ್ನೊಂದು ಮಾತು. ಇಂಜಿನ್ ಸುರು ಆಗಲಿಲ್ಲ ಅಂದ್ರ ತಪ್ಪು ಪ್ಲಗ್ಗಿಂದ ಅಂತ ತಿಳೀಬ್ಯಾಡ್ರಿ. ಪ್ಲಗ್ ಬಿಚ್ಚಿ ತುದಿ ಬಣ್ಣ ನೋಡ್ರಿ. ತಿಳಿ ಕಂದು ಬಣ್ಣ ಇದ್ರ ಎಲ್ಲಾ ಬರೋಬರಿ. ಒಣ ಕರೀ ಮಸಿ ಇದ್ರ ಗಾಳಿ ಫಿಲ್ಟರ್ ಕಟ್ಟೈತಿ, ಇಲ್ಲಾ ಚೋಕ್ ಪೂರಾ ಬಿಟ್ಟಿಲ್ಲ. ಜಿಡ್ಡು ಹಿಡದ ಕರಿ ಇದ್ರ ಎರಡು ಸ್ಟ್ರೋಕಿನ ಪೆಟ್ರೋಲಿಗೆ ಆಯಿಲ್ ಹೆಚ್ಚು ಹಾಕೀರಿ. ಸುಣ್ಣ ಹಚ್ಚಿದಂಗ ಬೆಳ್ಳಗಿದ್ರ ಇಂಜಿನ್ ಅತಿ ಕಾಯಾಕ ಹತ್ತೈತಿ, ತಕ್ಷಣ ತೋರಸ್ರಿ. ಮೊದಲಿನ ಮೂರರಾಗ ಯಾವ ಕಂಪನಿ ಪ್ಲಗ್ ಬದಲಿಸಿದ್ರೂ ರೋಗ ಹೋಗೂದಿಲ್ಲ.

ಪೆಟ್ರೋಲನೂ ನೋಡ್ರಿ. ಈಗಿನ ಪೆಟ್ರೋಲಿನಾಗ 100ಕ್ಕ 20ರವರೆಗೆ ಇಥೆನಾಲ್ ಐತಿ. ನಮ್ಮ ಕಬ್ಬಿನಿಂದನೂ ಆಗೂದು ಅದು, ನಾನು ಅದಕ್ಕ ವಿರೋಧ ಇಲ್ಲ. ಆದ್ರ ಇಥೆನಾಲ್ ಹವಾದಾಗಿನ ನೀರು ಹೀರತೈತಿ. ಮಳಿಗಾಲದಾಗ ಟಾಕಿಯೊಳಗ ತಿಂಗಳಾನಗಟ್ಟಲೆ ಬಿಟ್ಟ ಪೆಟ್ರೋಲ್ ತಳದಾಗ ನೀರು ಬಿಡತೈತಿ. ಕೆಲಸ ಮುಗದ ಮ್ಯಾಲೆ ಟಾಕಿ ಖಾಲಿ ಮಾಡ್ರಿ, ಕಾರ್ಬೋರೇಟರಿನಾಗ ಉಳದಿದ್ದು ಮುಗಿಯೂತನಕ ಇಂಜಿನ್ ಓಡಸ್ರಿ.

ಹಚ್ಚೂದರ ಬಗ್ಗೆ ಎರಡ ಮಾತು. ಗ್ಯಾಪ್ ಫೀಲರ್ ಗೇಜಿನಿಂದ ನೋಡ್ರಿ. ಮ್ಯಾಲಿನ ಹೋಂಡಾ ಇಂಜಿನ್ನಿಗೆ 0.7ರಿಂದ 0.8 ಮಿಲಿಮೀಟರ್. ಮೊದಲ ಕೈಲೆ ತಿರುಗಸ್ರಿ. ಪೂರಾ ಕೂತ ಮ್ಯಾಲೆ ಹೊಸ ಪ್ಲಗ್ಗಿಗೆ ಪಾನಾದಿಂದ ಅರ್ಧ ಸುತ್ತು ಸಾಕು. ಹಳೇದನ್ನ ತಿರುಗಿ ಹಚ್ಚುವಾಗ ಕಾಲು ಸುತ್ತು ದಾಟಬಾರದು. ಅಲ್ಯುಮಿನಿಯಂ ಹೆಡ್ಡಿನ ಆಟಿ ಹೋದ್ರ ಆ ಖರ್ಚು ಪ್ಲಗ್ಗಿನದಲ್ಲ, ಹೆಡ್ಡಿಂದು. ಕಿಡಿ ನೋಡುವಾಗ ಪ್ಲಗ್ ತೂತಿನ ಹತ್ತರ ಹಿಡಿಯಬ್ಯಾಡ್ರಿ, ಒಳಗಿನ ಪೆಟ್ರೋಲ್ ಹವಾ ಭಗ್ ಅಂತೈತಿ. ಆ ಇಂಜಿನ್ನಿನ ಪುಸ್ತಕದ ಪ್ರಕಾರ 100 ತಾಸಿಗೊಮ್ಮೆ ಪ್ಲಗ್ ನೋಡಬೇಕು, 300 ತಾಸಿಗೆ ಅಥವಾ ವರ್ಷಕ್ಕ ಬದಲಿಸಬೇಕು.

ಅಂಗಡಿಯವರಿಗೂ ನನ್ನ ವಿನಂತಿ. ನಿಮ್ಮ ಗೋಡಿ ಮ್ಯಾಲ ಕಂಪನಿ ಕ್ಯಾಲೆಂಡರ್ ಬೇಕಾದಷ್ಟು ಅದಾವ. ಅದರ ಬಾಜೂಕ ಯಾವ ಮಷೀನಿಗೆ ಯಾವ ನಂಬರ್, ಅದಕ್ಕ ಬ್ಯಾರೆ ಕಂಪನಿ ಜೋಡಿ ಯಾವುದು ಅಂತ ಒಂದು ತಕ್ತೆ ತೂಗ ಹಾಕ್ರಿ. ಕಂಪನಿಯವರ ಹತ್ತರ ಅದು ಇರತೈತಿ. ಗಿರಾಕಿ ಹಳೇ ಪ್ಲಗ್ ತರದಿದ್ರ "ತಗೊಂಡು ಬರ್ರಿ" ಅಂತ ಹೇಳಿ ಕಳಸ್ರಿ. ಒಂದು ವ್ಯಾಪಾರ ಅರ್ಧ ತಾಸು ತಡಾ ಆದೀತು, ಆದ್ರ ಆ ಗಿರಾಕಿ ಮುಂದ ಬ್ಯಾರೆ ಅಂಗಡಿ ನೋಡೂದಿಲ್ಲ.

ನಾವು ಬೀಜ ತಗೊಳ್ಳುವಾಗ ಬರೇ ಕಂಪನಿ ಹೆಸರು ಹೇಳೂದಿಲ್ಲ, ತಳಿ ಹೆಸರು ಹೇಳ್ತೀವಿ, ಚೀಲದ ಮ್ಯಾಲಿನ ತಾರೀಖು ನೋಡ್ತೀವಿ, ಬಿಲ್ ಕಾಯ್ದಿಡ್ತೀವಿ. ಪ್ಲಗ್ಗಿಗೂ ಅಷ್ಟ ಮಾಡ್ರಿ. ಇವತ್ತ ನಿಮ್ಮ ಮಷೀನಿನ ಪ್ಲಗ್ ಬಿಚ್ಚಿ ನಂಬರ್ ಓದಿ, ಟಾಕಿ ಮ್ಯಾಲ ಪೇಂಟಿನಿಂದ ಬರದಿಡ್ರಿ. ಆದ್ರ ಪುಸ್ತಕದ ಜೋಡಿ ತಾಳಿ ನೋಡಿನ ಬರೀರಿ, ಯಾಕಂದ್ರ ಮೊದಲ ಹಚ್ಚಿದವರ ತಪ್ಪು ಹಚ್ಚಿರಬಹುದು. ಪುಸ್ತಕ ಕಳದಿದ್ರ ಮಷೀನಿನ ಮಾಡೆಲ್ ಮತ್ತು ಪ್ಲಗ್ ನಂಬರ್ ಕೆಳಗ ಬರೀರಿ, ಅದ ಮಷೀನ್ ಇದ್ದವರು ತಮ್ಮ ಪುಸ್ತಕ ನೋಡಿ ಹೇಳ್ಲಿ. ಒಬ್ಬರ ಪುಸ್ತಕ ಹತ್ತು ಮಂದಿಗೆ ಉಪಯೋಗ ಆಗಲಿ.